ಪಂಪ್ ಬದಲಿಸುವ ಮೊದಲು ಬಕೆಟ್ ಹಿಡಿಯಿರಿ

ನಮ್ಮ ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಬಂದದ್ದು 1989ರಲ್ಲಿ, ಅಪ್ಪನ ಕಾಲದಲ್ಲಿ. ಎರಡು ಎಕ್ರೆಗೆ ಆರು ಲೈನು, ಲೈನಿಗೆ ಒಂಬತ್ತು ಜೆಟ್, 40 ಅಡಿಗೊಂದರಂತೆ. ಮೂರು ಎಚ್‌ಪಿ ಪಂಪು. ಹತ್ತು ವರ್ಷ ಕಳೆದು ಮೇಲಿನ ತಟ್ಟಿನಲ್ಲಿ ಅರ್ಧ ಎಕ್ರೆಗಿಂತ ತುಸು ಹೆಚ್ಚು ಹೊಸ ತೋಟ ಎಬ್ಬಿಸಿದೆ. ಅದಕ್ಕೆ ಬೇರೆ ಪೈಪ್ ಯಾಕೆಂದು ಹಳೆಯ ಒಂದೂವರೆ ಇಂಚಿನ ಲೈನುಗಳನ್ನೇ ಎಳೆದು ಮೂರು ಮೂರು ಜೆಟ್ ಸೇರಿಸಿದೆ. ಒಂಬತ್ತು ಇದ್ದದ್ದು ಹನ್ನೆರಡಾಯಿತು. ಆಗ ನನಗೆ ಅದು ಜಾಣತನವಾಗಿ ಕಂಡಿತ್ತು.

ವರ್ಷ ಕಳೆದಂತೆ ಮೇಲಿನ ತಟ್ಟಿನ ಮರಗಳು ಫೆಬ್ರವರಿಗೇ ಬಾಡತೊಡಗಿದವು. ಹಿಂಗಾರ ಒಣಗುವುದು, ನಳ್ಳಿ ಉದುರುವುದು. ಕೆಳಗಿನ ಮರಗಳ ಬುಡದಲ್ಲಿ ಮಾತ್ರ ಕೆಸರು. ನೀರು ಬಿಡುವ ಆಳು ಒಮ್ಮೆ ಹೇಳಿದ, 'ಅಣ್ಣಾ, ಮೇಲಿನ ಜೆಟ್ಟು ತಿರುಗುವುದು ಗಾಳಿಗೆ, ನೀರಿಗಲ್ಲ.' ನಾನು ನಕ್ಕು ಸುಮ್ಮನಾದೆ. ನಗುವ ವಿಷಯ ಆಗಿರಲಿಲ್ಲ.

ನಾನು ಮಾಡಿದ ತಪ್ಪು

2019ರಲ್ಲಿ ಮೂರು ಎಚ್‌ಪಿ ತೆಗೆದು ಐದು ಎಚ್‌ಪಿ ಪಂಪ್ ಇಟ್ಟೆ. ಎರಡು ದಿನ ಮೇಲಿನ ಜೆಟ್ಟುಗಳು ಚೆನ್ನಾಗಿಯೇ ತಿರುಗಿದವು. ಮೂರನೆಯ ದಿನ ಹಳೆಯ ಜಾಯಿಂಟ್ ಒಂದು ಬಿಟ್ಟಿತು. ವಾರದೊಳಗೆ ಮೂರು ಕಡೆ ಪೈಪ್ ಒಡೆಯಿತು. ಕೆಳಗಿನ ಜೆಟ್ಟುಗಳಿಂದ ನೀರು ಮಂಜಿನಂತೆ ಹಾರಿ ಗಾಳಿಯ ಪಾಲಾಯಿತು. ಇಡೀ ದಿನ ಪಂಪಿಗೆ ಒದಗುತ್ತಿದ್ದ ಬಾವಿ ಮಧ್ಯಾಹ್ನದೊಳಗೆ ತಳ ಕಂಡಿತು. ಆ ವರ್ಷ ಏಪ್ರಿಲ್ ಹತ್ತಕ್ಕೇ ನೀರು ನಿಲ್ಲಿಸಿದೆ. ಮೇಲಿನ ತಟ್ಟಿನಲ್ಲಿ ಹತ್ತೊಂಬತ್ತು ಮರ ಹೋಯಿತು.

ಮಳೆಗಾಲದಲ್ಲಿ ಮನೆಗೆ ಬಂದ ಭಾವನಲ್ಲಿ ದುಃಖ ತೋಡಿಕೊಂಡೆ. ಅವರು ಎಲ್ಲ ಕೇಳಿ, 'ಅಲ್ಲ ಭಾವಾ, ಪಂಪ್ ಬದಲಿಸಿದಿರಿ ಸರಿ. ಯಾವ ಜೆಟ್ಟಿನಿಂದ ಎಷ್ಟು ನೀರು ಬೀಳ್ತದೆ ಅಂತ ಅಳೆದದ್ದುಂಟೋ?' ಎಂದರು. ಮೂವತ್ತು ವರ್ಷ ನೀರು ಬಿಟ್ಟ ನಾನು ಒಂದು ದಿನವೂ ಅಳೆದಿರಲಿಲ್ಲ.

ನಾಲ್ಕು ಅಳತೆ

ಡಿಸೆಂಬರಿನಲ್ಲಿ ಭಾವನನ್ನೇ ಕರೆಸಿ, ಹಳೆಯ ಪಂಪನ್ನು ಪುನಃ ಕೂರಿಸಿ, ಅಳೆದೆವು. ಇದಕ್ಕೆ ಇಂಜಿನಿಯರ್ ಬೇಡ, ಯಾರೂ ಮಾಡಬಹುದು.

ಮೊದಲನೆಯದು ಬಕೆಟ್. ಜೆಟ್ ತಿರುಗದಂತೆ ಹಿಡಿದು, ನೀರು ಬರುವ ಕಣ್ಣಿಗೆ ತುಂಡು ಹೋಸ್ ಪೈಪ್ ಸಿಕ್ಕಿಸಿ, 15 ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತೆಂದು ವಾಚ್ ನೋಡಿದೆವು. ಲೈನಿನ ಮೊದಲ ಜೆಟ್ 50 ಸೆಕೆಂಡಿನಲ್ಲಿ ತುಂಬಿಸಿತು. ಹನ್ನೆರಡನೆಯದು 100 ಸೆಕೆಂಡ್ ತೆಗೆದುಕೊಂಡಿತು. ಎಂದರೆ ನಿಮಿಷಕ್ಕೆ 18 ಲೀಟರ್ ಒಂದು ಕಡೆ, 9 ಲೀಟರ್ ಇನ್ನೊಂದು ಕಡೆ. ಒಂದು ಜೆಟ್ಟಿನ ಪಾಲಿಗೆ ಸುಮಾರು 20 ಮರ. ನಾವು ಬಿಡುತ್ತಿದ್ದದ್ದು ನಾಲ್ಕು ಗಂಟೆ. ಲೆಕ್ಕ ಹಾಕಿದರೆ ಕೆಳಗಿನ ಮರಕ್ಕೆ 216 ಲೀಟರ್, ತುದಿಯ ಮರಕ್ಕೆ 108!

ಎರಡನೆಯದು ಪ್ರೆಷರ್ ಗೇಜ್. ಜೆಟ್ಟಿನ ಕೆಳಗೆ ಟೀ ಹಾಕಿ ಗೇಜ್ ಕೂರಿಸಿದೆವು. ಮೊದಲ ಜೆಟ್ಟಿನಲ್ಲಿ 1.8 ಕೆ.ಜಿ., ಕೊನೆಯದರಲ್ಲಿ 0.8. ಹತ್ತು ಮೀಟರ್ ಎತ್ತರ ಏರಿದರೆ ಒಂದು ಕೆ.ಜಿ. ಒತ್ತಡ ಕಡಿಮೆಯಾಗುತ್ತದೆ. ನಮ್ಮ ಮೇಲಿನ ತಟ್ಟು ಐದು ಮೀಟರ್ ಎತ್ತರ, ಅಲ್ಲಿಗೆ ಅರ್ಧ ಕೆ.ಜಿ. ಹೋಯಿತು. ಉಳಿದರ್ಧ ಪೈಪಿನೊಳಗಿನ ಉಜ್ಜಾಟದಲ್ಲಿ ಹೋದದ್ದು. ಒಂದೇ ಪೈಪಿನಲ್ಲಿ ಎರಡು ಪಟ್ಟು ನೀರು ದೂಡಿದರೆ ಈ ನಷ್ಟ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ದೊಡ್ಡ ಪಂಪ್ ಇಟ್ಟು ನಾನು ಮಾಡಿದ್ದು ಇದನ್ನೇ.

ಮೂರನೆಯದು ಡ್ರಿಲ್ ಬಿಟ್. 4 ಮಿ.ಮೀ. ಬಿಟ್ಟಿನ ಹಿಂಬದಿಯನ್ನು ಜೆಟ್ಟಿನ ಕಣ್ಣಿಗೆ ತೂರಿಸಿ ನೋಡಿ. ಹೊಸದಾದರೆ ಬಿಗಿಯಾಗಿ ಹೋಗುತ್ತದೆ, ಸವೆದಿದ್ದರೆ ಅಲ್ಲಾಡುತ್ತದೆ. ನಮ್ಮ 72 ಜೆಟ್ಟುಗಳಲ್ಲಿ ಬಿಟ್ ಬಿಗಿಯಾಗಿ ಕೂತದ್ದು 23ರಲ್ಲಿ ಮಾತ್ರ. ಕೆಲವು ಬಾವಿಯ ಮರಳಿಗೆ ಸವೆದದ್ದು. ಕೆಲವು ಹಾಳಾದಾಗ ಅಂಗಡಿಯವ ಕೊಟ್ಟದ್ದನ್ನು ನೋಡದೆ ಹಾಕಿದ್ದು, ನಾಲ್ಕೂವರೆ, ಐದು ಮಿ.ಮೀ. ಇನ್ನು ಕೆಲವು, ಕಸ ಕಟ್ಟಿದಾಗ ನಾವೇ ಸರಿಗೆ ಹಾಕಿ ಕೆದಕಿ ದೊಡ್ಡ ಮಾಡಿದ್ದು. ಕಣ್ಣು 4ರಿಂದ 4.4 ಆದರೆ ಕಣ್ಣಿಗೆ ಕಾಣದ ವ್ಯತ್ಯಾಸ. ಆದರೆ ನೀರು ನೂರಕ್ಕೆ 21ರಷ್ಟು ಹೆಚ್ಚು ಹೋಗುತ್ತದೆ. ಇಂಥವು ಲೈನಿನ ಆರಂಭದಲ್ಲಿದ್ದರೆ ತುದಿಯ ಮರದ ಪಾಲು ಅಲ್ಲೇ ಮುಗಿಯಿತು.

ನಾಲ್ಕನೆಯದು ಡಬ್ಬಿ. ನಾಲ್ಕು ಜೆಟ್ಟುಗಳ ನಡುವಿನ ಚೌಕದಲ್ಲಿ ಒಂದೇ ಅಳತೆಯ 16 ಡಬ್ಬಿಗಳನ್ನು ಸಮ ಅಂತರದಲ್ಲಿಟ್ಟು, ಆ ನಾಲ್ಕೂ ಜೆಟ್ಟುಗಳ ನೀರು ಬೀಳುವಂತೆ ಅಕ್ಕಪಕ್ಕದ ಎರಡು ಲೈನುಗಳನ್ನು ಒಂದೊಂದು ಗಂಟೆ ಬಿಟ್ಟೆವು. ಗಾಳಿ ಇಲ್ಲದ ಬೆಳಗ್ಗೆಯೇ ಮಾಡಬೇಕು. ಎಲ್ಲ ಡಬ್ಬಿಗಳ ಸರಾಸರಿ ತೆಗೆಯಿರಿ. ಅತಿ ಕಡಿಮೆ ನೀರಿರುವ ನಾಲ್ಕರ ಸರಾಸರಿ ಬೇರೆ ತೆಗೆಯಿರಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೂರರಿಂದ ಗುಣಿಸಿ. 70ಕ್ಕಿಂತ ಕೆಳಗೆ ಬಂದರೆ ವ್ಯವಸ್ಥೆ ಸರಿಯಿಲ್ಲ ಎಂದರ್ಥ. ಮೇಲಿನ ತಟ್ಟಿನಲ್ಲಿ ನನಗೆ ಬಂದದ್ದು 48.

ಏನೇನು ಬದಲಿಸಿದೆ

ಒಂದು: ಜೆಟ್ಟಿನ ಕಣ್ಣುಗಳೆಲ್ಲ 4 ಮಿ.ಮೀ. ಸವೆದದ್ದನ್ನು ಎಸೆದೆ. ಕಸ ಕಟ್ಟಿದರೆ ಈಗ ಸರಿಗೆ ಇಲ್ಲ, ಬಿಚ್ಚಿ ಹಿಂದಿನಿಂದ ಊದುವುದು.

ಎರಡು: ಪ್ರತಿ ಲೈನನ್ನೂ ಒಂಬತ್ತನೆಯ ಜೆಟ್ಟಿನ ನಂತರ ತುಂಡು ಮಾಡಿ ಎಂಡ್‌ಕ್ಯಾಪ್ ಹಾಕಿದೆ.

ಮೂರು: ಮೇಲಿನ ತಟ್ಟಿಗೆ ಪಂಪಿನಿಂದ ನೇರವಾಗಿ ಎರಡು ಇಂಚಿನ ಬೇರೆ ಪೈಪ್ ಎಳೆದೆ. ಅಲ್ಲಿನ 18 ಜೆಟ್ಟನ್ನು ಒಂಬತ್ತರ ಎರಡು ಪಾಲು ಮಾಡಿ ಗೇಟ್‌ವಾಲ್ವ್ ಇಟ್ಟೆ. ಖರ್ಚಿನ ದೊಡ್ಡ ಭಾಗ ಇದಕ್ಕೇ. ಆದರೂ ಐದು ಎಚ್‌ಪಿ ಪಂಪಿಗೆ ಕೊಟ್ಟಷ್ಟಾಗಲಿಲ್ಲ.

ನಾಲ್ಕು: ಪಂಪಿನ ಬಳಿ ಜಾಳಿಗೆಯ ಫಿಲ್ಟರ್. ವಾರಕ್ಕೊಮ್ಮೆ ತೊಳೆಯುತ್ತೇವೆ. ತಿಂಗಳಿಗೊಮ್ಮೆ ಎಂಡ್‌ಕ್ಯಾಪ್ ಬಿಚ್ಚಿ ಲೈನಿನ ಮರಳು ಹೊರಡಿಸುತ್ತೇವೆ.

ಐದು: ವಾಲ್ವ್ ತಿರುಗಿಸುವ ಕ್ರಮ. ಮೊದಲು ಮುಂದಿನ ಲೈನ್ ತೆರೆಯುವುದು, ಆಮೇಲೆ ಹಿಂದಿನದನ್ನು ನಿಧಾನಕ್ಕೆ ಮುಚ್ಚುವುದು. ಗಬಕ್ಕನೆ ಮುಚ್ಚಿದರೆ ಓಡುವ ನೀರು ಪೈಪಿಗೆ ಗುದ್ದುತ್ತದೆ. ಹಳೆಯ ಜಾಯಿಂಟ್‌ಗಳು ಬಿಡುವುದು ಹೆಚ್ಚಾಗಿ ಆ ಗುದ್ದಿಗೇ.

ಈಗ ಹೇಗುಂಟು

ಅದೇ ಮೂರು ಎಚ್‌ಪಿ ಪಂಪಿನಲ್ಲಿ ಮೊದಲ ಜೆಟ್ಟಿಗೆ 2.1 ಕೆ.ಜಿ., ಒಂಬತ್ತನೆಯದಕ್ಕೆ 1.7. ಬಕೆಟ್ ತುಂಬಲು 62 ಸೆಕೆಂಡ್, 68 ಸೆಕೆಂಡ್. ಡಬ್ಬಿ ಲೆಕ್ಕ 76ಕ್ಕೆ ಬಂದಿದೆ. ಅಡಿಕೆ ತೋಟದಲ್ಲಿ ಮರಗಳು ನೀರಿಗೆ ಅಡ್ಡ ನಿಲ್ಲುವ ಕಾರಣ ಇದಕ್ಕಿಂತ ಹೆಚ್ಚು ನಾನು ನಿರೀಕ್ಷಿಸುವುದಿಲ್ಲ.

ಮೊದಲು ಆರು ಲೈನಿಗೆ ನಾಲ್ಕು ಗಂಟೆಯಂತೆ ಒಂದು ಸುತ್ತಿಗೆ 24 ಗಂಟೆ ಪಂಪ್ ಓಡುತ್ತಿತ್ತು. ಈಗ ಎಂಟು ಪಾಲಿಗೆ ಮೂರು ಗಂಟೆಯಂತೆ ಅದೇ 24 ಗಂಟೆ. ಆದರೆ ಸುತ್ತಿಗೆ ಐವತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಬಾವಿಯಲ್ಲೇ ಉಳಿಯುತ್ತದೆ.

ಒಂದು ಮಾತು ಮುಚ್ಚಿಡಬಾರದು. ಮರವೊಂದಕ್ಕೆ 175 ಲೀಟರ್ ಎಂಬುದು ವಿಟ್ಲದ ಸಿ.ಪಿ.ಸಿ.ಆರ್.ಐ.ಯ ಹಳೆಯ ಶಿಫಾರಸು, ಮಾರ್ಚ್‌ನಿಂದ ಮೇವರೆಗೆ 3-5 ದಿನಕ್ಕೊಮ್ಮೆ. ನನ್ನಲ್ಲಿ ಈಗ ಬೀಳುವುದು ಸುಮಾರು 125. ಇನ್ನೂ ಒಂದು ಗಂಟೆ ಬಿಟ್ಟರೆ ಲೆಕ್ಕ ಸರಿಯಾಗುತ್ತದೆ, ಬಾವಿ ಒಪ್ಪುವುದಿಲ್ಲ. ಹಾಗಾಗಿ ಸೋಗೆ, ತೆಂಗಿನ ಮಡಲು, ಸೊಪ್ಪು ಯಾವುದನ್ನೂ ಹೊರಗೆ ಹಾಕದೆ ಬುಡಕ್ಕೆ ಮುಚ್ಚುತ್ತೇನೆ. ನೀರು ಇನ್ನೂ ಕಡಿಮೆ ಇರುವವರಿಗೆ ಹನಿ ನೀರಾವರಿಯೇ ದಾರಿ. ಅಂಥವರು ಹಳೆಯ ಸ್ಪ್ರಿಂಕ್ಲರಿಗೆ ನನ್ನಂತೆ ಹಣ ಹಾಕುವುದು ಬೇಡ.

ಬಾವಿ ಈಗ ಏಪ್ರಿಲ್ ಕೊನೆಯವರೆಗೆ ಬರುತ್ತದೆ. ಸತ್ತ ಹತ್ತೊಂಬತ್ತು ಮರಗಳ ಜಾಗಕ್ಕೆ ನೆಟ್ಟ ಸಸಿಗಳು ನನಗಿಂತ ಎತ್ತರವಾಗಿವೆ. ಐದು ಎಚ್‌ಪಿ ಪಂಪು ಶೆಡ್ಡಿನ ಮೂಲೆಯಲ್ಲಿ ಗೋಣಿ ಹೊದ್ದು ಕೂತಿದೆ, ಕೊಳ್ಳುವವರು ಸಿಕ್ಕಿಲ್ಲ. ನಿಮ್ಮ ಲೈನಿನ ತುದಿಯ ಜೆಟ್ ಸರಿಯಾಗಿ ತಿರುಗದಿದ್ದರೆ ಅಂಗಡಿಗೆ ಹೋಗುವ ಮೊದಲು ಒಂದು ಬೆಳಗ್ಗೆ ಬಕೆಟ್, ವಾಚ್ ಹಿಡಿದು ತೋಟಕ್ಕೆ ಇಳಿಯಿರಿ. ಸಿಕ್ಕಿದ ಲೆಕ್ಕವನ್ನು ಬರೆದು ತಿಳಿಸಿ, ಉಳಿದವರಿಗೂ ಉಪಯೋಗವಾದೀತು.