ಸಹಕಾರಿ ಪಾಠ: ಮನೆಯ ಹಿರಿಯರ ಆರೈಕೆಗೆ ದೊರೆಯುವ ನೆರವು



ತೋಟದ ಗೊಬ್ಬರ, ಔಷಧಿ, ಆಳಿನ ಕೂಲಿ ಇವುಗಳ ಲೆಕ್ಕವನ್ನು ನಾವೆಲ್ಲ ಬರೆದಿಡುತ್ತೇವೆ. ಹಾಸಿಗೆ ಹಿಡಿದ ತಂದೆ ತಾಯಿಯನ್ನು ನೋಡಿಕೊಳ್ಳುವ ಖರ್ಚನ್ನು ಮಾತ್ರ ಯಾರೂ ಬರೆಯುವುದಿಲ್ಲ. ಬರೆಯಬಾರದೆಂಬ ಸಂಕೋಚವೂ ಇದೆ. ಆದರೆ ಖರ್ಚು ಖರ್ಚೇ.

ಹರಿಹರ ತಾಲ್ಲೂಕಿನ ಒಂದು ಮನೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಎರಡು ಎಕರೆ ಅಡಿಕೆ ತೋಟ. ತಾಯಿಗೆ ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ. ಸೊಸೆ ಹಗಲಿರುಳು ಜೊತೆಗಿರಬೇಕು. ಮಗ ಆಸ್ಪತ್ರೆಗೆಂದು ದಾವಣಗೆರೆಗೆ ಓಡಾಡಬೇಕು. ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಯಾವುದಕ್ಕೂ ಕೈ ಸಾಲದೆ ತೋಟವನ್ನು ಖೇಣಿಗೆ ಕೊಡುತ್ತಾರೆ. ತಾವೇ ಸಂಸ್ಕರಿಸಿ ಮಾರಿದ್ದರೆ ಉಳಿಯುತ್ತಿದ್ದ ಹಣ ಖೇಣಿದಾರನ ಪಾಲಾಗುತ್ತದೆ. ಆರೈಕೆಯ ನಿಜವಾದ ಬೆಲೆ ಇದು. ಇಂಥ ಮನೆಗೆ ಏನು ನೆರವು ಸಿಗಬಹುದೆಂದು ಈ ಪಾಠದಲ್ಲಿ ನೋಡೋಣ.

1. ಹಿರಿಯರ ಹೆಸರಿನಲ್ಲಿ ಬರುವ ಪಿಂಚಣಿ

ತಂದೆ ತಾಯಿಯನ್ನು ನೋಡಿಕೊಳ್ಳುವ ಎಲ್ಲ ಮಕ್ಕಳಿಗೂ ಭತ್ಯೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಹೆಚ್ಚಿನ ನೆರವು ಹಿರಿಯರ ಹೆಸರಿಗೇ ಬರುತ್ತದೆ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆ 65 ವರ್ಷ ತುಂಬಿದ ಸಣ್ಣ ಮತ್ತು ಅತಿ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು ಮೊದಲಾದವರಿಗಾಗಿ ಇದೆ. 2021ರಲ್ಲಿ ಇದರ ಮಾಸಿಕ ಮೊತ್ತವನ್ನು 1,000 ರೂಪಾಯಿಯಿಂದ 1,200ಕ್ಕೆ ಏರಿಸಲಾಯಿತು. ಆದಾಯದ ಮಿತಿಯುಂಟು, ಬೇರೆ ಪಿಂಚಣಿ ಪಡೆಯುತ್ತಿರಬಾರದು. ಅರ್ಜಿಯನ್ನು ಹೋಬಳಿಯ ನಾಡ ಕಚೇರಿಯಲ್ಲಿ ಕೊಡಬೇಕು.

2. ಆರೈಕೆ ಮಾಡುವವರಿಗೇ ಸಲ್ಲುವ ಭತ್ಯೆ

ರಾಜ್ಯ ಸರ್ಕಾರ 2024-25ನೇ ಸಾಲಿನ ಆಯವ್ಯಯದಲ್ಲಿ ಹೊಸದೊಂದು ನೆರವನ್ನು ಪ್ರಕಟಿಸಿತು. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ ಈ ನಾಲ್ಕು ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ. ನಮ್ಮ ಉದಾಹರಣೆಯ ಸೊಸೆ ಇದಕ್ಕೆ ಅರ್ಜಿ ಹಾಕಲು ಯೋಗ್ಯಳು. ಲಕ್ವ ಹೊಡೆದವರು, ಮರೆವಿನ ಕಾಯಿಲೆಯವರು ಆ ಪಟ್ಟಿಯಲ್ಲಿಲ್ಲ. ಆದರೆ ಲಕ್ವದಿಂದ ಕೈಕಾಲು ಸ್ವಾಧೀನ ತಪ್ಪಿದವರು ಅಂಗವಿಕಲತೆಯ ಪ್ರಮಾಣಪತ್ರ ಪಡೆದು ಅಂಗವಿಕಲರ ಪಿಂಚಣಿಗೆ ಪ್ರಯತ್ನಿಸಬಹುದು.

ಎರಡಕ್ಕೂ ಮೊದಲ ಹೆಜ್ಜೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ. ಇದಕ್ಕೆ ವೈದ್ಯರ ತಪಾಸಣೆ ಬೇಕು. ನಮ್ಮ ಜಿಲ್ಲಾಸ್ಪತ್ರೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲೇ ಕಂಡರೆ ಯಾವ ದಿನ ಹೋಗಬೇಕು, ಯಾವ ಕಾಗದ ಬೇಕು ಎಂಬುದು ತಿಳಿಯುತ್ತದೆ. ನಡೆಯಲಾರದ ಹಿರಿಯರನ್ನು ಎರಡೆರಡು ಸಲ ಕರೆದೊಯ್ಯುವ ಕಷ್ಟ ತಪ್ಪುತ್ತದೆ.

3. ಸಹಕಾರಿಗಳಿಗೆ ಯಶಸ್ವಿನಿ

2003ರಲ್ಲಿ ಆರಂಭವಾಗಿ 2018ರಲ್ಲಿ ನಿಂತುಹೋಗಿದ್ದ ಯಶಸ್ವಿನಿ ಯೋಜನೆ 2022-23ರಲ್ಲಿ ಪುನಃ ಬಂತು. ಆಗ ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವಂತಿಗೆ 500 ರೂಪಾಯಿ, ಚಿಕಿತ್ಸೆಯ ಮಿತಿ 5 ಲಕ್ಷ ರೂಪಾಯಿ ಎಂದು ಗೊತ್ತುಪಡಿಸಲಾಯಿತು. ಕುಟುಂಬವೆಂದರೆ ಹೆಂಡತಿ ಮಕ್ಕಳು ಮಾತ್ರವಲ್ಲ; ತಂದೆ ತಾಯಿಯೂ ಸೇರುತ್ತಾರೆ. ನೋಂದಣಿಯ ಸಮಯದಲ್ಲಿ ಅವರ ಹೆಸರನ್ನು ಬಿಟ್ಟು, ಆಸ್ಪತ್ರೆಗೆ ಸೇರಿಸುವಾಗ ನೆನಪಿಸಿಕೊಂಡರೆ ಪ್ರಯೋಜನವಿಲ್ಲ.

4. ಒಡಹುಟ್ಟಿದವರ ಪಾಲು

ಭಾರವೆಲ್ಲ ಒಂದೇ ಮನೆಯ ಮೇಲೆ ಬೀಳುವುದುಂಟು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ ಪ್ರಕಾರ, ತಮ್ಮ ಆದಾಯದಿಂದ ಜೀವನ ಸಾಗಿಸಲಾರದ ತಂದೆ ತಾಯಿ ಮಕ್ಕಳಿಂದ ಜೀವನಾಂಶ ಕೇಳಿ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ಅಶಕ್ತರಾಗಿದ್ದರೆ ಅವರು ಒಪ್ಪಿದ ಇನ್ನೊಬ್ಬರು ಕೊಡಬಹುದು. ಕಾಯ್ದೆಯಲ್ಲಿ ಹೇಳಿರುವ ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ. ಒಬ್ಬ ಮಗನ ಮೇಲೆ ಅರ್ಜಿ ಬಂದರೆ, ಉಳಿದ ಮಕ್ಕಳನ್ನೂ ಸೇರಿಸಿರೆಂದು ಅವನು ಕೇಳಬಹುದು. ಹೆಣ್ಣುಮಕ್ಕಳೂ ಇದರಲ್ಲಿ ಸೇರುತ್ತಾರೆ.

ಹಿರಿಯರಿಗೂ ಒಂದು ಮಾತು. ತೋಟವನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡುವಾಗ, ಕೊನೆಯವರೆಗೆ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿರಿ. ಅಂಥ ಷರತ್ತು ಇತ್ತೆಂದು ತೋರಿಸದಿದ್ದರೆ ಈ ಕಾಯ್ದೆಯ 23ನೇ ಕಲಮಿನಡಿ ಪತ್ರವನ್ನು ರದ್ದುಪಡಿಸಲಾಗದೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ.

5. ಅರ್ಜಿ ಹಾಕುವ ಮುನ್ನ

ಅ) ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿರಿ. ಒಂದರಲ್ಲಿ ಗೌರಮ್ಮ, ಇನ್ನೊಂದರಲ್ಲಿ ಗೌರವ್ವ ಎಂದಿದ್ದರೆ ತೊಡಕಾಗುತ್ತದೆ.
ಆ) ವಯಸ್ಸು ತಪ್ಪಾಗಿ ನಮೂದಾಗಿದ್ದರೆ ಮೊದಲು ತಿದ್ದಿಸಿರಿ.
ಇ) ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿ.
ಈ) ಅರ್ಜಿ ಕೊಟ್ಟ ರಸೀದಿಯನ್ನು ಜೋಪಾನವಾಗಿಡಿ. ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿರಿ.
ಉ) ಹಿರಿಯರ ಸಹಾಯವಾಣಿ 14567.

ಈ ಹಣದಿಂದ ಖೇಣಿಗೆ ಹೋದ ತೋಟ ಹಿಂದಕ್ಕೆ ಬರುವುದಿಲ್ಲ ನಿಜ. ಆದರೆ ತಿಂಗಳ ಔಷಧಿಯ ಒಂದು ಭಾಗವಾದರೂ ನೀಗುತ್ತದೆ. ತನ್ನ ದುಡಿಮೆಯನ್ನು ಯಾರೋ ಲೆಕ್ಕಕ್ಕೆ ತೆಗೆದುಕೊಂಡರೆಂಬ ಸಮಾಧಾನ ಆ ಸೊಸೆಗೆ ಸಿಗುತ್ತದೆ. ಸದಸ್ಯರು ಸಂಕೋಚ ಬಿಟ್ಟು ಅರ್ಜಿ ಹಾಕಬೇಕೆಂದು ಕೋರುತ್ತೇವೆ.