ಎ.ಡಿ.ಆರ್.: ಹ್ರಸ್ವನಾಮವೊಂದು, ಅರ್ಥವೆರಡು

ವಾಣಿಜ್ಯ ವ್ಯವಹಾರದಲ್ಲಿ ‘ಎ.ಡಿ.ಆರ್.’ ಎಂಬುದು ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ಒಂದು ಬಂಡವಾಳಕ್ಕೆ ಸಂಬಂಧಿಸಿದ್ದು, ಮತ್ತೊಂದು ವ್ಯಾಜ್ಯಕ್ಕೆ.

1. ಅಮೆರಿಕನ್ ಡಿಪಾಸಿಟರಿ ರಿಸೀಟ್

ಹೊರದೇಶದ ಕಂಪನಿಯ ಷೇರುಗಳನ್ನು ಅಮೆರಿಕದ ಹೂಡಿಕೆದಾರರು ತಮ್ಮಲ್ಲಿಯೇ ಡಾಲರಿನಲ್ಲಿ ಕೊಳ್ಳಲು ಅನುವಾಗುವ ಪತ್ರವಿದು. ಮೂಲ ಷೇರುಗಳು ಭಾರತದ ಕಸ್ಟೋಡಿಯನ್ ಬ್ಯಾಂಕಿನ ವಶದಲ್ಲಿರುತ್ತವೆ. ಅವುಗಳ ಆಧಾರದ ಮೇಲೆ ಡಿಪಾಸಿಟರಿ ಬ್ಯಾಂಕು ಅಮೆರಿಕದಲ್ಲಿ ರಸೀದಿಗಳನ್ನು ಹೊರಡಿಸುತ್ತದೆ. ಲಾಭಾಂಶವನ್ನು ಡಾಲರಿನಲ್ಲಿ ಹಂಚುತ್ತದೆ. ಬೆಂಗಳೂರಿನ ಇನ್ಫೋಸಿಸ್ 1999ರಲ್ಲಿ ನಾಸ್ಡಾಕ್‌ನಲ್ಲಿಯೂ ವಿಪ್ರೊ 2000ದಲ್ಲಿ ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದಲ್ಲಿಯೂ ಈ ಮಾರ್ಗವಾಗಿಯೇ ಪ್ರವೇಶಿಸಿದವು. ಇದು ದೊಡ್ಡ ಕಂಪನಿಗಳಿಗೆ ಎಟುಕುವ ಮಾರ್ಗ.

2. ನ್ಯಾಯಾಲಯದ ಹೊರಗೆ ವ್ಯಾಜ್ಯ ಪರಿಹಾರ

ಸಣ್ಣ ಉದ್ದಿಮೆದಾರರಿಗೆ ನಿತ್ಯವೂ ಬೇಕಾಗುವುದು ಈ ಎರಡನೆಯ ಎ.ಡಿ.ಆರ್. ಸರಕು ತಲುಪಿದ ಮೇಲೆ ಹಣ ಬಾರದಿದ್ದರೆ ಮೂರು ದಾರಿಗಳಿವೆ.

(ಅ) ಆರ್ಬಿಟ್ರೇಷನ್: ಉಭಯಪಕ್ಷಗಳು ಒಪ್ಪಿದ ಪಂಚರು ನೀಡುವ ತೀರ್ಪು. 1996ರ ಕಾಯಿದೆಯಂತೆ ಇದಕ್ಕೆ ಲಿಖಿತ ಒಪ್ಪಂದ ಅಗತ್ಯ. ತೀರ್ಪು ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿಯಾಗುತ್ತದೆ.

(ಆ) ಮೀಡಿಯೇಷನ್: ಇಲ್ಲಿ ಮಧ್ಯವರ್ತಿ ತೀರ್ಪು ಕೊಡುವುದಿಲ್ಲ, ರಾಜಿಗೆ ನೆರವಾಗುತ್ತಾನೆ. 3 ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯದಲ್ಲಿ, ತುರ್ತು ಮಧ್ಯಂತರ ಪರಿಹಾರ ಬೇಡವಾದಾಗ, ದಾವೆಗೆ ಮುನ್ನ ಈ ಪ್ರಯತ್ನ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ತೀರ್ಪಿತ್ತಿದೆ.

(ಇ) ಸೌಲಭ್ಯ ಮಂಡಳಿ: 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯಂತೆ, ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಖರೀದಿದಾರನು 45 ದಿನ ಮೀರದಂತೆ ಹಣ ಪಾವತಿಸಬೇಕು. ಲಿಖಿತ ಕರಾರಿಲ್ಲದಿದ್ದರೆ 15 ದಿನ. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ತೆರಬೇಕು. ಮಂಡಳಿಯು ಮೊದಲು ರಾಜಿಗೆ ಯತ್ನಿಸುತ್ತದೆ. ಫಲಿಸದಿದ್ದರೆ ಪ್ರಕರಣ ಆರ್ಬಿಟ್ರೇಷನ್‌ಗೆ ಸಾಗುತ್ತದೆ. ತೀರ್ಪನ್ನು ಪ್ರಶ್ನಿಸುವ ಖರೀದಿದಾರನು ಅದರ ಮೊತ್ತದ ಶೇ. 75ರಷ್ಟನ್ನು ಮೊದಲು ಠೇವಣಿಯಿಡಬೇಕು.

ವರ್ತಕರು ಗಮನಿಸತಕ್ಕ ಅಂಶವೊಂದಿದೆ. ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ 2021ರಲ್ಲಿ ಉದ್ಯಮ್ ನೋಂದಣಿಗೆ ಅವಕಾಶ ದೊರೆತರೂ, ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಲಾಯಿತು. ಆದುದರಿಂದ ಅವರು ಲಿಖಿತ ಆರ್ಬಿಟ್ರೇಷನ್ ಷರತ್ತನ್ನೇ ಹೆಚ್ಚು ನೆಚ್ಚಬೇಕಾಗುತ್ತದೆ.

ಅನುಸರಿಸಬೇಕಾದ ಕ್ರಮ

ತಯಾರಕರು ಸರಕು ಪೂರೈಕೆಯ ಕರಾರಿಗೆ ಮುನ್ನವೇ ಉದ್ಯಮ್ ನೋಂದಣಿ ಮಾಡಿಸಿಕೊಂಡು, ಅದರ ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸುವುದು ಕ್ಷೇಮಕರ. ಸರಕು ಮುಟ್ಟಿದ ದಿನಾಂಕಕ್ಕೆ ಖರೀದಿದಾರನ ಸಹಿ ಪಡೆಯಬೇಕು. ಖರೀದಿ ಆದೇಶದ ಹಿಂಬದಿಯ ಸಣ್ಣಕ್ಷರಗಳನ್ನೂ ಓದಬೇಕು. ಆರ್ಬಿಟ್ರೇಷನ್ ಸ್ಥಳ ದೆಹಲಿಯೆಂದಿದ್ದರೆ, ಹುಬ್ಬಳ್ಳಿಯ ತಯಾರಕನು ತೀರ್ಪನ್ನು ಪ್ರಶ್ನಿಸಲು ದೆಹಲಿಯ ನ್ಯಾಯಾಲಯಕ್ಕೇ ಹೋಗಬೇಕಾದೀತು. ಬಾಕಿ ಸಣ್ಣದಾದರೆ ಆ ಖರ್ಚೇ ಬಾಕಿಯನ್ನು ನುಂಗುತ್ತದೆ. ಸ್ಥಳವನ್ನು ಕುರಿತ ಮಾತುಕತೆ ಆದೇಶವನ್ನು ಒಪ್ಪುವ ಮುನ್ನವೇ ನಡೆಯತಕ್ಕದ್ದು.