ನೀರಲ್ಲಿ ನಿಂತ ಪೈರಿಗೆ ನೀರಡಿಕೆ ಯಾಕೆ?

ಗಂಗಾವತಿ ತಾಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನಮ್ಮದು 6 ಎಕರೆ ಎರೆ ಭೂಮಿ. ಭತ್ತವೇ ಬೆಳೆ. ತಗ್ಗಿನ ಕಡೆಯ 2 ಎಕರೆಗೆ ಸವಳು ಹತ್ತಿತು. ಮೊದಲು ಬದುವಿನ ಪಕ್ಕ ಬಿಳಿ ಪುಡಿ ಕಾಣಿಸಿತು. ಆಮೇಲೆ ನಾಟಿ ಮಾಡಿದ ಸಸಿಗಳು ತುದಿಯಿಂದ ಸುಟ್ಟ ಹಾಗೆ ಒಣಗತೊಡಗಿದವು.

ನಾನು ಮಾಡಿದ್ದೇನು? ಇನ್ನಷ್ಟು ನೀರು ಕಟ್ಟಿದೆ. ಪೈರು ಏಳಲಿಲ್ಲ. ಹಸಿವಾಗಿರಬೇಕು ಅಂತ ಯೂರಿಯಾ, ಪೊಟ್ಯಾಷ್ ಚೆಲ್ಲಿದೆ. ಇನ್ನೂ ಬೇಗ ಒಣಗಿತು. ಮೂರು ವರ್ಷ ಹೀಗೇ ದುಡ್ಡು ಸುರಿದೆ.

ಒಂದು ದಿನ ಬುತ್ತಿ ತಂದ ಮಗಳು ಬದುವಿನ ಮೇಲೆ ನಿಂತು ಕೇಳಿದಳು: "ಅಪ್ಪಾ, ಪಾದ ಮುಳುಗೋವಷ್ಟು ನೀರೈತಿ. ಆದ್ರೂ ಯಾಕ ಒಣಗತೈತಿ?"

ನನಗೆ ಉತ್ತರ ಬರಲಿಲ್ಲ. ನಾಚಿಕೆಯ ಸಂಗತಿ ಎಂದರೆ ಉತ್ತರ ಅವಳ 9ನೇ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇತ್ತು. ಶಾಲೆಯಲ್ಲಿ ನಾನೂ ಅದನ್ನು ಬಾಯಿಪಾಠ ಮಾಡಿದ್ದೆ, ಅಂಕವನ್ನೂ ಪಡೆದಿದ್ದೆ. ಹೊಲಕ್ಕೆ ಬರುವಾಗ ಮಾತ್ರ ಅದನ್ನು ಶಾಲೆಯಲ್ಲೇ ಬಿಟ್ಟು ಬಂದಿದ್ದೆ.

ಅಂದಿನಿಂದ ಬಿಡುವಿನ ಭಾನುವಾರ ಓಣಿಯ ಮಕ್ಕಳು ನಮ್ಮ ಮನೆ ಕಟ್ಟೆಯ ಮೇಲೆ ಸೇರುತ್ತಾರೆ. ಅಡುಗೆಮನೆಯ ಸಾಮಾನಿನಲ್ಲೇ ನಾವು ಮಾಡಿದ ನಾಲ್ಕು ಪಾಠ ಇಲ್ಲಿವೆ. ನೀವೂ ಮಕ್ಕಳನ್ನು ಕೂಡಿಸಿಕೊಂಡು ಮಾಡಿ ನೋಡಿ.

ಸವತಿಕಾಯಿ ನೀರು ಬಿಡುವುದು ಯಾಕೆ?

ಹೆಚ್ಚಿದ ಸವತಿಕಾಯಿಗೆ ಉಪ್ಪು ಹಾಕಿಟ್ಟರೆ ಸ್ವಲ್ಪ ಹೊತ್ತಿಗೆ ತಟ್ಟೆ ತುಂಬ ನೀರು. ಆ ನೀರು ಉಪ್ಪಿನದಲ್ಲ, ಕಾಯಿಯ ಒಳಗಿನದು.

ಗಿಡದ ಮೈಯೆಲ್ಲ ಸಣ್ಣ ಸಣ್ಣ ಜೀವಕೋಶಗಳು. ಪ್ರತಿ ಕೋಶಕ್ಕೂ ತೆಳುವಾದ ಪೊರೆ ಇದೆ. ಈ ಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ, ಕರಗಿದ ಲವಣವನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಪೊರೆಯ ಯಾವ ಬದಿಗೆ ಲವಣ ಹೆಚ್ಚಿದೆಯೋ ಆ ಬದಿಗೆ ನೀರು ಹೋಗುತ್ತದೆ. ಇದೇ ಅಭಿಸರಣೆ. 1748ರಲ್ಲಿ ಫ್ರಾನ್ಸಿನ ನೋಲೆ ಎಂಬ ಪಾದ್ರಿ ಹಂದಿಯ ಮೂತ್ರಕೋಶದ ಪೊರೆ ಕಟ್ಟಿ ಇದನ್ನು ತೋರಿಸಿದ್ದ.

ಪ್ರಯೋಗ ಸುಲಭ. ಆಲೂಗಡ್ಡೆಯನ್ನು ಬೆರಳಿನಷ್ಟು ದಪ್ಪಕ್ಕೆ ಎರಡು ತುಂಡು ಕೊಯ್ಯಿರಿ. ಒಂದನ್ನು ಬರೀ ನೀರಿನಲ್ಲಿ, ಇನ್ನೊಂದನ್ನು ನಾಲ್ಕು ಚಮಚ ಉಪ್ಪು ಕರಗಿಸಿದ ಲೋಟದಲ್ಲಿ ಹಾಕಿ. ಮೂರು ತಾಸು ಬಿಟ್ಟು ನೋಡಿದರೆ ಮೊದಲನೆಯದು ಬಿಗಿಯಾಗಿ ನಿಂತಿರುತ್ತದೆ. ಎರಡನೆಯದು ಬಳುಕುತ್ತದೆ. ಅದರೊಳಗಿನ ನೀರು ಹೊರಗೆ ಹೋಗಿದೆ, ಅದೂ ನೀರಿನಲ್ಲಿ ಮುಳುಗಿರುವಾಗಲೇ!

ನಮ್ಮ ಭತ್ತದ ಸಂಕಟವೂ ಇದೇ. ಬೇರಿನ ರೋಮಗಳ ಒಳಗಿನ ರಸಕ್ಕಿಂತ ಹೊರಗಿನ ನೀರು ಉಪ್ಪಾದರೆ ಬೇರು ನೀರು ಎಳೆಯಲಾರದು. ನಾನು ಚೆಲ್ಲಿದ ಪೊಟ್ಯಾಷ್ ಕೂಡ ಒಂದು ಲವಣವೇ. ಯೂರಿಯಾ ಲವಣವಲ್ಲದಿದ್ದರೂ ಕರಗಿ ನೀರನ್ನು ಗಾಢ ಮಾಡುವಂಥದ್ದೇ. ಬಾಯಾರಿದವನಿಗೆ ಉಪ್ಪುನೀರು ಕುಡಿಸಿದ ಹಾಗಾಯಿತು ನನ್ನ ಉಪಚಾರ.

ಉಪ್ಪು ಬಂದದ್ದು ಎಲ್ಲಿಂದ?

ಕುಷ್ಟಗಿ ಕಡೆಯ ನನ್ನ ತಂಗಿಯ ಮಗ ರಜೆಗೆ ಬರುವಾಗ ಅವರ ಬೋರ್‌ವೆಲ್ ನೀರು ತಂದಿದ್ದ. ಒಂದು ಸ್ಟೀಲ್ ತಟ್ಟೆಯಲ್ಲಿ ಅದನ್ನು, ಇನ್ನೊಂದರಲ್ಲಿ ಮಳೆನೀರನ್ನು ಹಾಕಿ ಬಿಸಿಲಿಗಿಟ್ಟೆವು. ಮಳೆನೀರಿನ ತಟ್ಟೆ ಹೆಚ್ಚುಕಡಿಮೆ ಸ್ವಚ್ಛ. ಬೋರಿನ ತಟ್ಟೆಯಲ್ಲಿ ಬಿಳಿ ಕಲೆ. ನೀರು ಆವಿಯಾಗುತ್ತದೆ, ಲವಣ ಆವಿಯಾಗುವುದಿಲ್ಲ.

ಮಕ್ಕಳಿಗೆ ಒಂದು ಲೆಕ್ಕ ಕೊಟ್ಟೆ. ಎಕರೆಗೆ 1 ಅಂಗುಲ ನೀರು ನಿಲ್ಲಿಸಲು ಸುಮಾರು 1 ಲಕ್ಷ ಲೀಟರ್ ಬೇಕು. ಲೀಟರಿಗೆ ಅರ್ಧ ಗ್ರಾಂ ಲವಣ ಅಂತ ಹಿಡಿಯಿರಿ. ಹೊಲಕ್ಕೆ ಬಂದದ್ದೆಷ್ಟು? 50 ಕಿಲೋ! ಒಂದು ಚೀಲ! ನಾವು ಹೊತ್ತು ಹಾಕಿದ್ದಲ್ಲ, ನೀರೇ ತಂದು ಹಾಕಿದ್ದು.

ಕಾಲುವೆಯ ನೀರಿನಲ್ಲಿ ಲವಣ ಕಡಿಮೆ ನಿಜ. ಆದರೆ ಎರೆಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಯೋಜನೆಯ ಲೆಕ್ಕ ಇದ್ದದ್ದು ಬಹುಪಾಲು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳದ್ದು. ನಾವೆಲ್ಲ ಭತ್ತಕ್ಕೆ ಇಳಿದೆವು. ನೆಲದೊಳಗಿನ ನೀರು ಮೇಲೇರಿತು, ಜವಳಾಯಿತು. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮಣ್ಣು ಆ ನೀರನ್ನು ಮೇಲಕ್ಕೆಳೆದು ಬಿಸಿಲಿಗೆ ಕೊಟ್ಟಿತು, ಕೆಳಗಿನ ಲವಣ ಮೇಲೆ ಉಳಿಯಿತು. ಕುಷ್ಟಗಿಯ ದಾಳಿಂಬೆ ತೋಟದಲ್ಲಿ ಡ್ರಿಪ್ಪಿನ ತೇವದ ಅಂಚಿಗೆ ಕಾಣುವ ಬಿಳಿ ಉಂಗುರದ ಕಥೆಯೂ ಇದೇ.

ಇಲ್ಲೇ ಇನ್ನೊಂದು ಮಾತು. ಕುಷ್ಟಗಿ, ಯಲಬುರ್ಗಾ, ಕೊಪ್ಪಳ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುವುದು ಅದರಿಂದಲೂ ಆಗುತ್ತದೆ. "ನೀರು ಕಾಸಿ ಕುಡಿದ್ರ ಸರಿಹೋಗ್ತದಲ್ಲ ಮಾಮಾ?" ಎಂದ ತಂಗಿಯ ಮಗ. ಬಿಸಿಲ ತಟ್ಟೆ ತೋರಿಸಿದೆ. ಕಾಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದು ಗಾಢವಾಗುತ್ತದೆ. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಲೇಬೇಕು.

ಕುಂಕುಮದ ಗುಟ್ಟು

ಸವಳಿನಲ್ಲಿ ಎರಡು ಜಾತಿ. ಒಂದರಲ್ಲಿ ಬರೀ ಲವಣ ಹೆಚ್ಚು. ಇನ್ನೊಂದರಲ್ಲಿ ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡಿರುತ್ತದೆ, ಮಣ್ಣು ಕ್ಷಾರವಾಗುತ್ತದೆ. ಇದಕ್ಕೆ ಚೌಳು ಅಂತಲೂ ಅನ್ನುತ್ತಾರೆ. ಮದ್ದು ಬೇರೆ ಬೇರೆ, ಆದ್ದರಿಂದ ಗುರುತು ಹಿಡಿಯುವುದು ಮುಖ್ಯ.

ಅರಿಶಿಣಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುವುದು ನಮ್ಮ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಕುಂಕುಮ ಮಾಡುತ್ತಿದ್ದದ್ದೇ ಹಾಗೆ. ಸುಣ್ಣ ಕ್ಷಾರ, ಅರಿಶಿಣ ಅದರ ಸೂಚಕ. ಬಿಳಿ ಕಾಗದಕ್ಕೆ ಅರಿಶಿಣದ ನೀರು ಬಳಿದು ಒಣಗಿಸಿ. ಸುಣ್ಣದ ತಿಳಿಯ ಒಂದು ಹನಿ ಹಾಕಿ, ಕೆಂಪು. ಅದರ ಮೇಲೆ ನಿಂಬೆರಸ ಹಿಂಡಿ, ಮತ್ತೆ ಹಳದಿ. ಆಮ್ಲ ಕ್ಷಾರವನ್ನು ತಟಸ್ಥ ಮಾಡಿತು.

ನಮ್ಮ ಹೊಲದ ಎರಡು ಮೂಲೆಯ ಮಣ್ಣನ್ನು ಮಳೆನೀರಿನಲ್ಲಿ ಕಲಸಿ, ತಿಳಿಯನ್ನು ಕಾಗದದ ಮೇಲೆ ಬಿಟ್ಟೆವು. ಒಂದು ಹಳದಿಯಾಗೇ ಉಳಿಯಿತು. ಇನ್ನೊಂದು ಕಂದುಗೆಂಪಾಯಿತು. "ಅಪ್ಪಾ, ಈ ಮೂಲಿ ಬ್ಯಾರೆ ಜಾತಿ!" ಎಂದಳು ಮಗಳು. ಇದು ಸುಳಿವು ಮಾತ್ರ, ಅಳತೆಯಲ್ಲ. ಮಣ್ಣನ್ನು ಪರೀಕ್ಷೆಗೆ ಕೊಟ್ಟಾಗ ಆ ಮೂಲೆಯ ಪಿಎಚ್ 9 ದಾಟಿತ್ತು. ಸಾಮಾನ್ಯವಾಗಿ 8.5 ದಾಟಿದರೆ ಚೌಳಿನ ಅನುಮಾನ ಮಾಡಬೇಕು.

ಬಾಟಲಿಯಲ್ಲಿ ಜಿಪ್ಸಂ

ಆ ಕೆಂಪು ಮೂಲೆಯ ಎರಡು ಚಮಚ ಮಣ್ಣನ್ನು ಎರಡು ಬಾಟಲಿ ಮಳೆನೀರಿಗೆ ಹಾಕಿ ಅಲುಗಿಸಿದೆವು. ಒಂದಕ್ಕೆ ಮಾತ್ರ ಒಂದು ಚಮಚ ಜಿಪ್ಸಂ. ಬೆಳಿಗ್ಗೆ ನೋಡಿದರೆ ಜಿಪ್ಸಂ ಹಾಕಿದ ಬಾಟಲಿ ತಿಳಿ, ಇನ್ನೊಂದು ಹಾಲು ಹಾಕಿದ ಚಹಾದಂತೆ ಹಾಗೇ ರಾಡಿ.

ಜೇಡಿಯ ಕಣಗಳಿಗೆ ಋಣ ವಿದ್ಯುದಂಶ, ಸೋಡಿಯಂ ಅಯಾನಿಗೆ ಒಂದು ಧನ ವಿದ್ಯುದಂಶ. ಅದು ಕಣಗಳನ್ನು ಒಟ್ಟಿಗೆ ಹಿಡಿಯಲಾರದು. ಕಣಗಳು ಚದುರಿ ಮಣ್ಣಿನ ರಂಧ್ರ ಮುಚ್ಚುತ್ತವೆ, ನೀರು ಇಳಿಯುವುದಿಲ್ಲ. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಕ್ಯಾಲ್ಸಿಯಂಗೆ ಎರಡು ಧನ ವಿದ್ಯುದಂಶ. ಒಂದು ಕ್ಯಾಲ್ಸಿಯಂ ಬಂದು ಕೂತರೆ ಎರಡು ಸೋಡಿಯಂ ಎದ್ದು ಹೋಗಬೇಕು. ಕಣಗಳು ಗುಂಪುಗೂಡುತ್ತವೆ, ದಾರಿ ತೆರೆಯುತ್ತದೆ. ಎದ್ದ ಸೋಡಿಯಂ ಸಲ್ಫೇಟಿನ ಜೊತೆ ನೀರಿನಲ್ಲಿ ಕರಗುತ್ತದೆ.

ಆದರೆ ಕರಗಿದ್ದು ಎಲ್ಲಿಗೆ ಹೋಗಬೇಕು? ಬಸಿಗಾಲುವೆ ಇಲ್ಲದಿದ್ದರೆ ಅಲ್ಲೇ ಕೂರುತ್ತದೆ. ಬಸಿಯುವ ದಾರಿ ಮೊದಲು, ಜಿಪ್ಸಂ ಆಮೇಲೆ. ಬರೀ ಲವಣ ಹೆಚ್ಚಿದ ಸವಳಿಗೆ ಜಿಪ್ಸಂ ಹಾಕುವುದು ದಂಡ. ಅಲ್ಲಿ ಒಳ್ಳೆಯ ನೀರು ಕಟ್ಟಿ, ತೊಳೆದು, ಬಸಿದು ಬಿಡುವುದೇ ಮದ್ದು.

ಹೊಲದಲ್ಲಿ ಆದದ್ದು

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಬಗ್ಗೆಯೇ ಸಂಶೋಧನೆ ನಡೆಯುತ್ತದೆ. ನಮ್ಮ ಕಾಲಬುಡದಲ್ಲಿದ್ದರೂ ನಾನು ಹೋದದ್ದು ಮಗಳು ಕೇಳಿದ ಮೇಲೆ. ಮಣ್ಣು ಪರೀಕ್ಷೆಯ ಲೆಕ್ಕದ ಪ್ರಕಾರ ಕೆಂಪು ಮೂಲೆಗಷ್ಟೇ ಜಿಪ್ಸಂ ಹಾಕಿದೆ. ತಗ್ಗಿನ ಬದಿಗೆ ಬಸಿಗಾಲುವೆ ತೋಡಿದೆ. ಡಯಾಂಚ ಬಿತ್ತಿ, ಹೂಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದೆ. ಎರಡನೇ ವರ್ಷ ಒಂದೂವರೆ ಎಕರೆಯಲ್ಲಿ ಪೈರು ಹಿಡಿಯಿತು. ಉಳಿದ ಅರ್ಧ ಎಕರೆ ಇನ್ನೂ ಬೋಳು. ಪಕ್ಕದ ಹೊಲದ ನೀರು ಅಲ್ಲಿಗೇ ಬಸಿಯುತ್ತದೆ. ಅದು ನಾನೊಬ್ಬನೇ ಬಿಡಿಸುವ ಲೆಕ್ಕವಲ್ಲ, ಮೇಲಿನ ಹೊಲದವರೂ ನಾವೂ ಕೂಡಿ ಬಸಿಗಾಲುವೆ ಮುಂದುವರಿಸಬೇಕು. ಮಾತುಕತೆ ನಡೆದಿದೆ.

ಆ ಮೂರು ವರ್ಷದ ಗೊಬ್ಬರದ ದುಡ್ಡು ತಿರುಗಿ ಬರುವುದಿಲ್ಲ. ಮಗಳ ಪುಸ್ತಕವನ್ನು ಮೂರು ವರ್ಷ ಮೊದಲೇ ತೆರೆದಿದ್ದರೆ ಅದು ಉಳಿಯುತ್ತಿತ್ತು. ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಗು ಇದ್ದರೆ ಈ ಭಾನುವಾರ ಅದರ ವಿಜ್ಞಾನ ಪುಸ್ತಕ ಇಸಿದುಕೊಂಡು ಒಂದು ಪಾಠ ಓದಿ. ಆಮೇಲೆ ಮಗುವಿನ ಜೊತೆ ಹೊಲಕ್ಕೆ ಹೋಗಿ. ಅದು ಏನಾದರೂ ಕೇಳಿದರೆ "ಸುಮ್ನಿರು" ಅನ್ನಬೇಡಿ.